55 ಜನ ಹೊರಟರು, ಮನೆ ತಲುಪಿದ್ದು 36: ಸ್ಪೇಸ್ ಇನ್ವೇಡರ್ಸ್ ಪ್ರಕರಣ

ಹೋದ ವರ್ಷ ಮಳೆಗಾಲದಲ್ಲಿ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದೆ. ಇಂಟೆಲ್ 8080 ಅಂತ ಒಂದು ಹಳೇ ಚಿಪ್ ಇತ್ತಲ್ಲ, ಅದು ಮಾಡುತ್ತಿದ್ದ ಕೆಲಸವನ್ನೆಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಮಾಡುವ ಪ್ರೋಗ್ರಾಂ ಬರೆಯುವುದು. ಇದಕ್ಕೆ ಎಮ್ಯುಲೇಟರ್ ಅಂತಾರೆ. ಈ ಚಟ ಹತ್ತಿದವರು ಮೊದಲು ಓಡಿಸಿ ನೋಡುವ ಆಟ ಬಹುತೇಕ ಒಂದೇ: ಸ್ಪೇಸ್ ಇನ್ವೇಡರ್ಸ್. ಜಪಾನಿನ ಟೈಟೊ ಕಂಪನಿ 1978ರಲ್ಲಿ ತಂದ ಆಟ. ಚಿಕ್ಕದು, ಚೊಕ್ಕವಾಗಿದೆ. ಅದರ ಕೋಡನ್ನು ಹವ್ಯಾಸಿಗಳು ಒಂದೊಂದು ಸಾಲೂ ಬಿಡದೆ ಬಿಡಿಸಿ ಇಟ್ಟಿದ್ದಾರೆ.

ಆಟ ನೋಡದವರಿಗೆ ಎರಡು ಮಾತು. ಮೇಲೆ ಅನ್ಯಗ್ರಹದ ಜೀವಿಗಳ ಸೇನೆ. 5 ಸಾಲು, ಸಾಲಿಗೆ 11, ಒಟ್ಟು 55. ಇಡೀ ಸೇನೆ ಅತ್ತಿಂದಿತ್ತ ಸರಿಯುತ್ತಾ, ಅಂಚು ಮುಟ್ಟಿದಾಗಲೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೆಳಗೆ ನಿಮ್ಮ ಪುಟ್ಟ ಫಿರಂಗಿ. ಅಡಗಿಕೊಳ್ಳಲು 4 ಗುರಾಣಿ. ಅವೂ ಗುಂಡು ಬಿದ್ದು ಬಿದ್ದು ಉದುರಿ ಹೋಗುತ್ತವೆ. ಒಂದು ಸಲಕ್ಕೆ ಒಂದೇ ಗುಂಡು. ಹಾರಿಸಿದ್ದು ಎಲ್ಲಾದರೂ ತಾಗಬೇಕು, ಇಲ್ಲಾ ಮೇಲೆ ಹೋಗಿ ಮಾಯವಾಗಬೇಕು. ಅಲ್ಲಿಯವರೆಗೆ ಇನ್ನೊಂದು ಹಾರಿಸುವ ಹಾಗಿಲ್ಲ. ಸೇನೆ ನೆಲಕ್ಕೆ ಇಳಿಯಿತೋ, ಆಟ ಮುಗೀತು.

ಒಂದು ರಾತ್ರಿ ನನ್ನ ಎಮ್ಯುಲೇಟರ್‌ನಲ್ಲಿ ಆಟ ಓಡಿತು. ಆದರೆ ಸೇನೆಯ ನಡಿಗೆಯಲ್ಲಿ ಏನೋ ತಡವರಿಕೆ ಇದ್ದಂತಿತ್ತು. ನನ್ನದೇ ತಪ್ಪಿರಬೇಕು ಅಂದುಕೊಂಡು ವೇಗ ಇಳಿಸಿದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ 60 ಚಿತ್ರ, ಓಡಬೇಕಾದ್ದನ್ನು 2ಕ್ಕೆ ತಂದೆ. ಆಗ ಕಂಡಿತು. ಸೇನೆ ಒಟ್ಟಿಗೆ ನಡೆಯುತ್ತಲೇ ಇಲ್ಲ. ತೀರಾ ಕೆಳಗಿನ ಸಾಲಿನ ಎಡತುದಿಯವನು 2 ಪಿಕ್ಸೆಲ್, ಅಂದರೆ ಪರದೆಯ ಎರಡು ಚುಕ್ಕಿಯಷ್ಟು, ಸರಿದ. ಉಳಿದ 54 ಜನ ನಿಂತಲ್ಲೇ ನಿಂತಿದ್ದಾರೆ. ಮುಂದಿನ ಫ್ರೇಮ್‌ನಲ್ಲಿ ಅವನ ಪಕ್ಕದವನು ಸರಿದ. ಆಮೇಲೆ ಅವನ ಪಕ್ಕದವನು. ಆ ಸಾಲು ಮುಗಿದ ಮೇಲೆ ಅದರ ಮೇಲಿನ ಸಾಲು. ರೇಷನ್ ಅಂಗಡಿ ಮುಂದಿನ ಕ್ಯೂ ಇರುತ್ತಲ್ಲ, ಒಬ್ಬ ಚೀಲ ಎತ್ತಿಕೊಂಡು ಒಂದು ಹೆಜ್ಜೆ ಇಟ್ಟರೆ ಹಿಂದಿನವನು ಒಂದು ಹೆಜ್ಜೆ, ಅವನ ಹಿಂದಿನವನು ಇನ್ನೊಂದು. ಥೇಟ್ ಹಾಗೇ.

ತಪ್ಪು ನನ್ನದಾಗಿರಲಿಲ್ಲ. ಆಟ ಇರುವುದೇ ಹಾಗೆ. ಈ ಕ್ಯೂ ಯಾಕೆ ಬಂತು, ಎರಡು ವರ್ಷದ ನಂತರ ಇದೇ ಆಟ ಮನೆಯ ಟಿವಿಗೆ ಬಂದಾಗ ಈ ಕ್ಯೂ ಏನಾಯಿತು, ಇಲ್ಲಿ ನೋಡಬೇಕಿರುವುದು ಅದನ್ನೇ.

ಟೋಕಿಯೋದಲ್ಲಿ ಒಬ್ಬ ಎಂಜಿನಿಯರ್

ಆಟ ಮಾಡಿದವರು ತೊಮೊಹಿರೊ ನಿಶಿಕಾಡೊ. ವಿನ್ಯಾಸ, ಚಿತ್ರ, ಪ್ರೋಗ್ರಾಂ, ಸರ್ಕ್ಯೂಟ್ ಎಲ್ಲಾ ಅವರದೇ. ಸುಮಾರು ಒಂದು ವರ್ಷದ ಕೆಲಸ. ಪ್ರೋಗ್ರಾಂ ಬರೆಯುವುದಕ್ಕೆ ಬೇಕಾದ ಸಲಕರಣೆಯನ್ನೂ ಅವರೇ ಕಟ್ಟಿಕೊಂಡರು. ಅಡುಗೆಗೆ ಮೊದಲು ಒಲೆ ಹೂಡಿದ ಹಾಗೆ.

ಇದರ ಹಿಂದೆ ಒಂದು ಸಣ್ಣ ಕಥೆ ಇದೆ. 1975ರಲ್ಲಿ ನಿಶಿಕಾಡೊ ವೆಸ್ಟರ್ನ್ ಗನ್ ಅಂತ ಒಂದು ಆಟ ಮಾಡಿದ್ದರು. ಅದರಲ್ಲಿ ಮೈಕ್ರೋಪ್ರೊಸೆಸರ್, ಅಂದರೆ ಪ್ರೋಗ್ರಾಂ ಓಡಿಸುವ ಚಿಪ್, ಇರಲಿಲ್ಲ. ಆಗಿನ ಆಟಗಳೆಲ್ಲ ಬರೀ ಸರ್ಕ್ಯೂಟ್ ಬೋರ್ಡ್, ಬೆಸುಗೆ ಹಾಕಿದ್ದೇ ಆಟ. ಅದನ್ನು ಅಮೆರಿಕದಲ್ಲಿ ಮಾರಲು ತೆಗೆದುಕೊಂಡ ಮಿಡ್‌ವೇ ಕಂಪನಿಯವರು ಒಳಗಿನದ್ದನ್ನೆಲ್ಲ ಕಿತ್ತು 8080 ಚಿಪ್ ಕೂರಿಸಿ ಗನ್ ಫೈಟ್ ಅಂತ ಹೊರತಂದರು. ತನ್ನದೇ ಆಟ ಇನ್ನೊಬ್ಬರ ಕೈಯಲ್ಲಿ ಎಷ್ಟು ನಯವಾಗಿ ಚಲಿಸುತ್ತಿದೆ ಅಂತ ನೋಡಿದ ನಿಶಿಕಾಡೊ, ಮುಂದಿನದ್ದನ್ನು ಮೈಕ್ರೋಪ್ರೊಸೆಸರ್ ಮೇಲೇ ಮಾಡಬೇಕು ಅಂತ ತೀರ್ಮಾನಿಸಿದರು.

ಆಟದ ಬೀಜ ಮಾತ್ರ ಅಟಾರಿಯ ಬ್ರೇಕ್‌ಔಟ್ (1976). ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟ. ಸಾಲಾಗಿ ಜೋಡಿಸಿದ್ದನ್ನು ಒಂದೊಂದಾಗಿ ಖಾಲಿ ಮಾಡುವ ಖುಷಿ ಅಲ್ಲಿಂದ ಬಂತು. ಇಟ್ಟಿಗೆ ಜಾಗದಲ್ಲಿ ಏನಿಡುವುದು? ಟ್ಯಾಂಕ್, ವಿಮಾನ ನೋಡಿದರು, ಚಲನೆ ಚೆನ್ನಾಗಿ ಕೂರಲಿಲ್ಲ. ಮನುಷ್ಯರು ಸರಿಯಾಗಿ ಕೂತರು, ಆದರೆ ಮನುಷ್ಯರನ್ನು ಗುಂಡಿಟ್ಟು ಕೊಲ್ಲುವ ಆಟ ಬೇಡ ಅಂತಾಯಿತು. ಕೊನೆಗೆ ಅನ್ಯಗ್ರಹದವರು. ಸಮುದ್ರದ ಪ್ರಾಣಿಗಳ ಆಕಾರ: ಮೇಲಿನ ಸಾಲು ಸ್ಕ್ವಿಡ್, 30 ಅಂಕ. ನಡುವಿನ ಎರಡು ಸಾಲು ಏಡಿ, 20. ಕೆಳಗಿನ ಎರಡು ಸಾಲು ಅಷ್ಟಪದಿ, 10.

ಈಗ ಯಂತ್ರ. 8080 ಚಿಪ್‌ನ ವೇಗ 2 ಮೆಗಾಹರ್ಟ್ಸ್. ಆಟದ ಪ್ರೋಗ್ರಾಂ ಕೂತಿದ್ದು 8 ಕಿಲೋಬೈಟ್‌ನಲ್ಲಿ. ಪರದೆ ಅಗಲ 224, ಎತ್ತರ 256 ಪಿಕ್ಸೆಲ್. ಬಣ್ಣ ಇಲ್ಲ, ಪಿಕ್ಸೆಲ್ ಒಂದೋ ಉರಿಯುತ್ತದೆ ಇಲ್ಲಾ ಆರಿರುತ್ತದೆ. ಬಣ್ಣ ಕಂಡಿದ್ದರೆ ಅದು ಗಾಜಿಗೆ ಅಂಟಿಸಿದ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿ! ಫಿರಂಗಿ ಇರುವ ಜಾಗಕ್ಕೆ ಹಸಿರು ಪಟ್ಟಿ. ಯಾವ ಜೀವಿ ಆ ಜಾಗಕ್ಕೆ ಇಳಿದರೂ ಅದೂ ಹಸಿರಾಗುತ್ತಿತ್ತು. ಪಿಕ್ಸೆಲ್‌ಗೆ ಒಂದು ಬಿಟ್, 8 ಬಿಟ್‌ಗೆ ಒಂದು ಬೈಟ್ ಅಂತ ಲೆಕ್ಕ ಹಾಕಿದರೆ ಇಡೀ ಪರದೆಗೆ 7,168 ಬೈಟ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

8080ಗೆ ಇನ್ನೊಂದು ತೊಂದರೆ ಇತ್ತು. ಚಿತ್ರವನ್ನು ಒಂದೆರಡು ಪಿಕ್ಸೆಲ್ ಸರಿಸಬೇಕು ಅಂದರೆ ಬಿಟ್‌ಗಳನ್ನು ಪಕ್ಕಕ್ಕೆ ತಳ್ಳಬೇಕು. ಈ ಚಿಪ್ ಒಂದು ಸಲಕ್ಕೆ ಒಂದೇ ಮನೆ ತಳ್ಳುತ್ತದೆ. ಹಾಗಾಗಿ ಈ ಕೆಲಸಕ್ಕೇ ಅಂತ ಪಕ್ಕದಲ್ಲಿ ಬೇರೆ ಚಿಪ್ ಹಾಕಿದ್ದಾರೆ. 8080 ಅದಕ್ಕೆ ಬೈಟ್ ಕೊಟ್ಟು, ಎಷ್ಟು ತಳ್ಳಬೇಕು ಅಂತ ಹೇಳಿದರೆ ಮರುಕ್ಷಣ ಉತ್ತರ ಸಿಗುತ್ತದೆ. ನನ್ನ ಎಮ್ಯುಲೇಟರ್‌ನಲ್ಲಿ ಇದನ್ನು ಮೊದಲು ತಪ್ಪಾಗಿ ಬರೆದಿದ್ದೆ. ಅಷ್ಟಪದಿಗಳೆಲ್ಲ ಒಗೆದು ಹಿಂಡಿದ ಬಟ್ಟೆ ಥರ ಕಂಡಿದ್ದವು.

ಇಷ್ಟೆಲ್ಲ ಸಹಾಯ ಇದ್ದರೂ ಒಂದೇ ಫ್ರೇಮ್‌ನಲ್ಲಿ 55 ಜನರನ್ನೂ ಅಳಿಸಿ ಮತ್ತೆ ಬಿಡಿಸುವ ತಾಕತ್ತು ಈ ಯಂತ್ರಕ್ಕಿಲ್ಲ. ಅದಕ್ಕೇ ಕ್ಯೂ. ಫ್ರೇಮ್‌ಗೆ ಒಬ್ಬ.

ವೇಗದ ಕಥೆ, ಅರ್ಧ ನಿಜ

ಕ್ಯೂ ಇದ್ದ ಮೇಲೆ ಲೆಕ್ಕ ಸುಲಭ. 55 ಜನ ಇದ್ದಾಗ ಎಲ್ಲರೂ ಒಂದು ಹೆಜ್ಜೆ ಇಡಲು 55 ಫ್ರೇಮ್, ಅಂದರೆ ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ. ಸತ್ತವರನ್ನು ಪ್ರೋಗ್ರಾಂ ಹಾರಿಸಿಕೊಂಡು ಹೋಗುತ್ತದೆ. 30 ಜನ ಉಳಿದರೆ ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ. 10 ಜನ ಉಳಿದರೆ ಸೆಕೆಂಡಿಗೆ 6 ಹೆಜ್ಜೆ. ಕೊನೆಯವನು ಒಬ್ಬನೇ ಉಳಿದಾಗ ಪ್ರತಿ ಫ್ರೇಮ್‌ನಲ್ಲೂ ಅವನದೇ ಸರದಿ, ಸೆಕೆಂಡಿಗೆ 60 ಹೆಜ್ಜೆ. ಬಾಲಕ್ಕೆ ಬೆಂಕಿ ಬಿದ್ದವನ ಹಾಗೆ ಓಡುತ್ತಾನೆ.

ಶತ್ರು ಕಡಿಮೆಯಾದಷ್ಟೂ ಆಟ ಕಷ್ಟವಾಗುತ್ತದೆ. ಸಾಮಾನ್ಯ ಜ್ಞಾನಕ್ಕೆ ಇದು ಉಲ್ಟಾ ಅಲ್ವಾ? ಗೆಲುವಿಗೆ ಹತ್ತಿರ ಹೋದಷ್ಟೂ ಎದೆ ಡವಗುಟ್ಟುತ್ತದೆ. ಇದು ಮೊದಲೇ ಯೋಚಿಸಿ ಮಾಡಿದ್ದಲ್ಲ, ಯಂತ್ರದ ಕೈಲಾಗದತನದಿಂದ ಬಂದದ್ದು, ನೋಡಿದ ಮೇಲೆ ಚೆನ್ನಾಗಿದೆ ಅನ್ನಿಸಿ ಹಾಗೇ ಬಿಟ್ಟೆ ಅಂತ ನಿಶಿಕಾಡೊ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈ ಕಥೆ ತುಂಬಾ ಪ್ರಸಿದ್ಧ. ವಿಡಿಯೋ ಗೇಮ್ ಇತಿಹಾಸ ಹೇಳುವವರೆಲ್ಲ ‘ಆಕಸ್ಮಿಕವಾಗಿ ಹುಟ್ಟಿದ ರೋಮಾಂಚನ’ ಅಂತ ಇದನ್ನು ಹೇಳಿಯೇ ಹೇಳುತ್ತಾರೆ.

ಸುಳ್ಳಲ್ಲ. ಆದರೆ ಕೋಡ್ ತೆಗೆದು ನೋಡಿದರೆ ಈ ಕಥೆ ಅರ್ಧಕ್ಕೆ ನಿಲ್ಲುತ್ತದೆ ಅಂತ ನನಗನ್ನಿಸುತ್ತದೆ.

ಎರಡು ಸಾಕ್ಷಿ ಇದೆ. ಒಂದು, ಕೊನೆಯವನ ಹೆಜ್ಜೆ. ಸೇನೆ ಎಲ್ಲ ಕಾಲದಲ್ಲೂ 2 ಪಿಕ್ಸೆಲ್ ಹೆಜ್ಜೆ ಇಡುತ್ತದೆ. ಆದರೆ ಒಬ್ಬನೇ ಉಳಿದು ಬಲಕ್ಕೆ ಓಡುವಾಗ ಮಾತ್ರ 3 ಪಿಕ್ಸೆಲ್. ಇದು ಯಂತ್ರ ತಾನಾಗಿ ಮಾಡಿದ್ದಲ್ಲ. ‘ಒಬ್ಬನೇ ಉಳಿದಿದ್ದಾನಾ?’ ಅಂತ ಕೇಳಿ, ಹೌದಾದರೆ 3 ಅಂತ ಯಾರೋ ಕೂತು ಬರೆದದ್ದು. ಸಾಲದು ಅನ್ನಿಸಿ ಇನ್ನೊಂದು ಚಿಟಿಕೆ ಖಾರ ಹಾಕಿದ್ದಾರೆ.

ಎರಡನೆಯದು ಸದ್ದು. ಸೇನೆ ನಡೆಯುವಾಗ ನಾಲ್ಕು ಮಂದ್ರ ಸ್ವರ ಒಂದರ ಹಿಂದೆ ಒಂದು ಬರುತ್ತವೆ. ಡುಂ, ಡುಂ, ಡುಂ, ಡುಂ. ಮತ್ತೆ ಮೊದಲಿಂದ. ಆಟ ಬಿಸಿಯೇರಿದಂತೆ ಇದೂ ಚುರುಕಾಗುತ್ತದೆ. ಇದು ಹೆಜ್ಜೆಯ ಜೊತೆ ತಾನಾಗಿ ಹೊಂದಿಕೊಂಡಿದೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಕೋಡ್‌ನಲ್ಲಿ ನೋಡಿದರೆ ಬೇರೆಯೇ ಒಂದು ಪಟ್ಟಿ ಇದೆ. 16 ಮೆಟ್ಟಿಲು. ಇಷ್ಟು ಜನ ಉಳಿದಿದ್ದರೆ ಎರಡು ಸ್ವರದ ನಡುವೆ ಇಷ್ಟು ಫ್ರೇಮ್ ಬಿಡು ಅಂತ. 50 ಮತ್ತು ಮೇಲೆ ಇದ್ದರೆ 52 ಫ್ರೇಮ್. ಕೊನೆಯವನಿಗೆ 5. ನಡುವೆ ಒಂದೊಂದೂ ಕೈಯಾರೆ ಆರಿಸಿದ ಸಂಖ್ಯೆ. ತಬಲ ಶ್ರುತಿ ಮಾಡುವವರು ಸುತ್ತಿಗೆಯಲ್ಲಿ ಒಂದೊಂದು ಕಡೆ ತಟ್ಟಿ ನೋಡುತ್ತಾರಲ್ಲ, ಆ ಥರದ ಕೆಲಸ.

ಅಂದರೆ ವೇಗ ಹುಟ್ಟಿದ್ದು ಆಕಸ್ಮಿಕ ಇರಬಹುದು, ಆದರೆ ಅದನ್ನು ಸಾಕಿದ್ದಾರೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಅಟಾರಿ ಭಾಗಕ್ಕೆ ಬಂದಾಗ ಗೊತ್ತಾಗುತ್ತದೆ.

ಕಾಫಿ ಅಂಗಡಿಯ ಮೇಜು

ಜಪಾನಿನಲ್ಲಿ ಇದು ಮೇಜಿನ ರೂಪದಲ್ಲಿ ಕಾಫಿ ಅಂಗಡಿಗಳಿಗೆ ನುಗ್ಗಿತು. ಗಾಜಿನ ಮೇಜು, ಒಳಗೆ ಪರದೆ, ಮೇಲೆ ನಿಮ್ಮ ಕಾಫಿ ಲೋಟ. ಈ ಆಟಕ್ಕೇ ಅಂತ ಅಂಗಡಿಗಳು ತೆರೆದವು. ಜನ 100 ಯೆನ್ ನಾಣ್ಯ ಸುರಿದು ಸುರಿದು ದೇಶದಲ್ಲಿ ನಾಣ್ಯದ ಬರ ಬಂತು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ, ಆದರೆ ಟಂಕಸಾಲೆಯ ಲೆಕ್ಕ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಬ್ರಿಟನ್ನಿನಲ್ಲಂತೂ ಮಕ್ಕಳು ಹಾಳಾಗುತ್ತಿದ್ದಾರೆ ಅಂತ 1981ರ ಮೇನಲ್ಲಿ ಜಾರ್ಜ್ ಫೌಕ್ಸ್ ಅನ್ನುವ ಸಂಸದರು ಸ್ಪೇಸ್ ಇನ್ವೇಡರ್ಸ್ ಹೆಸರನ್ನೇ ಇಟ್ಟು ಆಟಗಳನ್ನು ನಿಯಂತ್ರಿಸುವ ಮಸೂದೆ ತಂದರು. 94 ಮತ ಪರ, 114 ವಿರುದ್ಧ. ಬಿದ್ದು ಹೋಯಿತು. ಅಷ್ಟು ಹತ್ತಿರ ಬಂದಿತ್ತು ಅನ್ನುವುದೇ ನನಗೆ ಆಶ್ಚರ್ಯ.

ಆಡುವವರು ಆಟದ ಒಳಗಿನ ಗುಟ್ಟುಗಳನ್ನು ಕೋಡ್ ನೋಡದೆಯೇ ಕಂಡುಹಿಡಿದರು. ಆಗಾಗ ಮೇಲ್ಗಡೆ ಒಂದು ಹಾರುವ ತಟ್ಟೆ ಹೋಗುತ್ತದೆ. ಹೊಡೆದರೆ 50, 100, 150 ಅಥವಾ 300 ಅಂಕ. ಏನು ಬರುತ್ತೋ ಅದೃಷ್ಟ ಅಂತ ಕಾಣುತ್ತದೆ. ಅದೃಷ್ಟ ಏನಿಲ್ಲ, ನೀವು ಆವರೆಗೆ ಹಾರಿಸಿದ ಗುಂಡುಗಳ ಎಣಿಕೆ. 23ನೇ ಗುಂಡು ತಟ್ಟೆಗೆ ತಾಗಿದರೆ 300. ಅಲ್ಲಿಂದ ಮುಂದೆ ಪ್ರತಿ 15ನೇ ಗುಂಡಿಗೆ 300. ಪಟ್ಟಿಯಲ್ಲಿ ಇರುವುದು 16 ಅಂಕ, ಆದರೆ ಒಂದು ಸಣ್ಣ ತಪ್ಪಿನಿಂದ 15ಕ್ಕೇ ಸುತ್ತು ಮುಗಿದು ಮತ್ತೆ ಮೊದಲಿಗೆ ಹೋಗುತ್ತದೆ. ಆಡುವವರು ಬಾಯಲ್ಲಿ ಎಣಿಸುತ್ತಾ ಎಣಿಸುತ್ತಾ ಗುಂಡು ಹಾರಿಸುವುದು ಕಲಿತರು.

ಇನ್ನೊಂದು, ನಗೊಯಾ ಊರಿನ ಹೆಸರಲ್ಲಿ ಪ್ರಸಿದ್ಧವಾದ ಪಟ್ಟು. ಸೇನೆಯನ್ನು ಹೊಡೆಯದೆ ತೀರಾ ಕೆಳಗಿನ ಮೆಟ್ಟಿಲಿಗೆ ಇಳಿಯಲು ಬಿಡುವುದು. ಅವರ ಗುಂಡು ಹುಟ್ಟುವುದು ಅವರ ಕಾಲ ಕೆಳಗೆ. ಅಷ್ಟು ಕೆಳಗೆ ಬಂದ ಮೇಲೆ ಗುಂಡು ನಿಮ್ಮನ್ನು ದಾಟಿ ಹುಟ್ಟುತ್ತದೆ, ತಾಗುವುದೇ ಇಲ್ಲ! ಆಗ ಮೈಮೇಲೆ ಬಂದವರನ್ನು ಒಬ್ಬೊಬ್ಬರಾಗಿ ಹೊಡೆದು ಹಾಕುವುದು. ಒಂದು ಹೆಜ್ಜೆ ತಪ್ಪಿದರೆ ಕಥೆ ಮುಗೀತು. ಇದನ್ನು ನಾನು ಹತ್ತಾರು ಸಲ ಪ್ರಯತ್ನಿಸಿದ್ದೇನೆ. ಎರಡೇ ಸಲ ಬದುಕಿದ್ದೇನೆ.

128 ಬೈಟ್‌ನ ಮನೆ

ಈಗ ಅಮೆರಿಕಕ್ಕೆ ಬನ್ನಿ. ಅಟಾರಿ ಕಂಪನಿ 1977ರಲ್ಲಿ ಮನೆಯ ಟಿವಿಗೆ ಜೋಡಿಸುವ ಯಂತ್ರ ತಂದಿತ್ತು. ಆಗ ವಿಸಿಎಸ್, ಆಮೇಲೆ 2600 ಅಂತ ಹೆಸರಾಯಿತು. ಕಾರ್ಟ್ರಿಡ್ಜ್ ಬದಲಿಸಿ ಬೇರೆ ಬೇರೆ ಆಟ ಆಡಬಹುದು. ಅದರ ಮೆಮೊರಿ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಕಂಪ್ಯೂಟರ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ 42 ಚಿಹ್ನೆ ಬರೆಯುವಷ್ಟರಲ್ಲಿ ಮೆಮೊರಿ ಖಾಲಿ. ಸ್ಪೇಸ್ ಇನ್ವೇಡರ್ಸ್ ಪರದೆಗೊಂದಕ್ಕೇ 7,168 ಬೈಟ್ ಬೇಕಿತ್ತು ಅಂದೆನಲ್ಲ, ಅದರ 56ನೇ ಒಂದು ಪಾಲು ಇಲ್ಲಿ ಇಡೀ ಆಟಕ್ಕೆ.

ಹಾಗಿದ್ದರೆ ಚಿತ್ರ ಎಲ್ಲಿಡುತ್ತಾರೆ? ಎಲ್ಲೂ ಇಡುವುದಿಲ್ಲ. ಹಳೇ ಟಿವಿಯಲ್ಲಿ ಒಂದು ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ಅದು ಒಂದು ಗೆರೆ ಎಳೆದು ಮುಗಿಸುವಷ್ಟರಲ್ಲಿ ಪ್ರೊಸೆಸರ್‌ಗೆ ಸಿಗುವುದು 76 ಸೈಕಲ್, ಅಂದರೆ ಸುಮಾರು 20-25 ಆದೇಶಗಳಷ್ಟು ಹೊತ್ತು. ಅಷ್ಟರಲ್ಲಿ ಆ ಗೆರೆಯಲ್ಲಿ ಏನು ಕಾಣಬೇಕು ಅಂತ ಚಿತ್ರದ ಚಿಪ್‌ಗೆ ಹೇಳಿ ಮುಗಿಸಬೇಕು. ಮುಂದಿನ ಗೆರೆಗೆ ಮತ್ತೆ ಹೊಸದಾಗಿ. ಮಗ್ಗದಲ್ಲಿ ಸೀರೆ ನೇಯುವಾಗ ಎಳೆ ಎಳೆಗೂ ಲಾಳಿ ಎಸೆಯುತ್ತಾರಲ್ಲ, ಹಾಗೆ. ಆದರೆ ಇಲ್ಲಿ ನೇಯ್ದದ್ದನ್ನು ಮಡಚಿಡುವ ಜಾಗವಿಲ್ಲ. ಸೆಕೆಂಡಿಗೆ 60 ಸಲ ಅದೇ ಸೀರೆಯನ್ನು ಮೊದಲಿಂದ ನೇಯಬೇಕು.

ಇನ್ನೊಂದು ಬಿಕ್ಕಟ್ಟು. ಆ ಚಿತ್ರದ ಚಿಪ್‌ಗೆ ಗೊತ್ತಿರುವುದು ಕೆಲವೇ ವಸ್ತು. 8 ಪಿಕ್ಸೆಲ್ ಅಗಲದ ಎರಡು ಆಕಾರ, ಎರಡು ಗುಂಡು, ಒಂದು ಚೆಂಡು, ಹಿನ್ನೆಲೆಗೆ ಒರಟು ಇಟ್ಟಿಗೆಗಳು. ಇಬ್ಬರು ಎದುರಾಬದುರಾ ಟ್ಯಾಂಕ್ ಆಡಲು, ಪಾಂಗ್ ಥರ ಚೆಂಡು ಬಡಿಯಲು ಮಾಡಿದ ಚಿಪ್ ಅದು. 55 ಜನರ ಸೇನೆ ಅದರ ಕನಸಲ್ಲೂ ಇರಲಿಲ್ಲ.

ಈ ಕೆಲಸ ಮಾಡಿದವರು ರಿಕ್ ಮೌರರ್. ಮೊದಲು ಫೇರ್‌ಚೈಲ್ಡ್ ಕಂಪನಿಯಲ್ಲಿ ಆಟ ಬರೆಯುತ್ತಿದ್ದವರು. ಅಟಾರಿಗೆ ಬಂದ ಮೇಲೆ ಸ್ಪೇಸ್ ಇನ್ವೇಡರ್ಸ್‌ನ ಮನೆ ಆವೃತ್ತಿಯನ್ನು ಯಾರೂ ಹೇಳದೆ ತಾವೇ ಶುರು ಮಾಡಿದ್ದರಂತೆ. ಸುತ್ತಲಿನವರಿಗೆ ಅಷ್ಟೇನೂ ಆಸಕ್ತಿ ಕಾಣಲಿಲ್ಲ, ಪಕ್ಕಕ್ಕಿಟ್ಟು ಮೇಜ್ ಕ್ರೇಜ್ ಅನ್ನುವ ಬೇರೆ ಆಟಕ್ಕೆ ಹೋದರು. ಅಷ್ಟರಲ್ಲಿ ಕಂಪನಿ ಟೈಟೊದಿಂದ ಪರವಾನಗಿ ತೆಗೆದುಕೊಂಡಿತು. ಆರ್ಕೇಡ್ ಆಟವೊಂದನ್ನು, ಅಂದರೆ ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಆಟವನ್ನು, ಮನೆಯ ಯಂತ್ರಕ್ಕೆ ಅಧಿಕೃತವಾಗಿ ಪರವಾನಗಿ ಪಡೆದು ತಂದದ್ದು ಅದೇ ಮೊದಲು. ಪಕ್ಕಕ್ಕಿಟ್ಟದ್ದು ಮತ್ತೆ ಮೇಜಿಗೆ ಬಂತು.

ಎರಡೇ ಆಕಾರ ಇಟ್ಟುಕೊಂಡು ಸೇನೆ ಹೇಗೆ? ಚಿಪ್‌ನಲ್ಲಿ ಒಂದು ಸೌಲಭ್ಯ ಇತ್ತು. ಒಂದು ಆಕಾರವನ್ನು ಅದೇ ಗೆರೆಯಲ್ಲಿ ಎರಡು ಅಥವಾ ಮೂರು ಸಲ ತೋರಿಸು ಅಂದರೆ ತೋರಿಸುತ್ತದೆ. ಮೂರಕ್ಕಿಂತ ಜಾಸ್ತಿ ಆಗುವುದಿಲ್ಲ. ಎರಡು ಆಕಾರ, ತಲಾ ಮೂರು. ಆರು. ಸಾಲಿಗೆ 11 ಜನ ಇದ್ದದ್ದು 6 ಆದದ್ದು ಹೀಗೆ. ಇದು ಯಾರೋ ಅಭಿರುಚಿಯಿಂದ ಆರಿಸಿದ ಸಂಖ್ಯೆಯಲ್ಲ, ಚಿಪ್ ಕೊಟ್ಟ ಸಂಖ್ಯೆ. ಕಿರಣ ಆ ಸಾಲು ದಾಟಿ ಕೆಳಗಿಳಿದ ಮೇಲೆ ಅವೇ ಎರಡು ಆಕಾರಕ್ಕೆ ಬೇರೆ ವೇಷ ತೊಡಿಸಿ ಮುಂದಿನ ಸಾಲು. ಊರ ನಾಟಕದಲ್ಲಿ ಒಬ್ಬನೇ ಓಡಿ ಹೋಗಿ ಮೀಸೆ ಬದಲಿಸಿ ಮತ್ತೆ ಬರುತ್ತಾನಲ್ಲ, ಅದೇ ಉಪಾಯ. ಹೀಗೆ 6 ಸಾಲು. ಆರಾರಲಿ 36.

ಬರೀ ನಿಲ್ಲಿಸುವುದಾದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವರು ಸಾಯಬೇಕಲ್ಲ. ಆರು ಜನರಲ್ಲಿ ಯಾರು ಬೇಕಾದರೂ, ಯಾವ ಕ್ರಮದಲ್ಲಿ ಬೇಕಾದರೂ. ಮೂವರಲ್ಲಿ ನಡುವಿನವನು ಹೋದರೆ ದೂರ ನಿಂತ ಎರಡು ನಕಲು ಬೇಕು. ಎಡದವನು ಹೋದರೆ ಹತ್ತಿರ ನಿಂತ ಎರಡು, ಅದೂ ಜಾಗ ಬದಲಿಸಿ. ಇದನ್ನೆಲ್ಲ 76 ಸೈಕಲ್‌ಗಳ ಗೆರೆಗಳ ನಡುವೆ ಸಂಭಾಳಿಸಬೇಕು. ಗುರಾಣಿಯ ಗತಿಯೂ ಅದೇ. ಆರ್ಕೇಡ್‌ನಲ್ಲಿ ಗುಂಡು ಬಿದ್ದ ಗುರಾಣಿಯ ತೂತು ಪರದೆಯ ಮೆಮೊರಿಯಲ್ಲೇ ಉಳಿಯುತ್ತಿತ್ತು, ಬೇರೆ ಲೆಕ್ಕ ಬೇಡ. ಇಲ್ಲಿ ಪರದೆಯ ಮೆಮೊರಿಯೇ ಇಲ್ಲ, ಹಾಗಾಗಿ ಒಂದೊಂದು ತೂತನ್ನೂ ಆ 128 ಬೈಟ್‌ನಲ್ಲೇ ನೆನಪಿಡಬೇಕು. ಗುರಾಣಿ 4 ಇದ್ದದ್ದು 3 ಆದವು.

ಈಗ ಆ ವೇಗದ ಮಾತು. ಆರ್ಕೇಡ್‌ನಲ್ಲಿ ಶತ್ರು ಕಡಿಮೆಯಾದರೆ ಯಂತ್ರದ ಕೆಲಸ ಕಡಿಮೆ, ಅದಕ್ಕೇ ವೇಗ ಜಾಸ್ತಿ. ಅಟಾರಿಯಲ್ಲಿ? 36 ಜನ ಇದ್ದರೂ ಅಷ್ಟೇ ಗೆರೆ, ಒಬ್ಬನೇ ಉಳಿದರೂ ಅಷ್ಟೇ ಗೆರೆ. ಕಿರಣ ಯಾರಿಗೂ ಕಾಯುವುದಿಲ್ಲ, ಯಾರು ಸತ್ತರೂ ಬೇಗ ಓಡುವುದಿಲ್ಲ. ಇಲ್ಲಿ ಕ್ಯೂ ಇಲ್ಲ, ಸೇನೆ ನಿಜವಾಗಲೂ ಒಟ್ಟಿಗೆ ಹೆಜ್ಜೆ ಇಡುತ್ತದೆ. ಆಟವನ್ನು ಸುಮ್ನೆ ಚಿತ್ರ ನೋಡಿ ನಕಲು ಮಾಡಿದ್ದರೆ ಮೊದಲಿಂದ ಕೊನೆತನಕ ಒಂದೇ ವೇಗದಲ್ಲಿ ನಡೆಯುತ್ತಿತ್ತು.

ಮೌರರ್ ಆವೃತ್ತಿಯಲ್ಲಿ ಸೇನೆ ಕರಗಿದಂತೆ ವೇಗ ಏರುತ್ತದೆ. ಕೊನೆಯವನು ಓಡುತ್ತಾನೆ. ಸದ್ದೂ ಜೊತೆಗೆ ಚುರುಕಾಗುತ್ತದೆ. ಯಂತ್ರದಿಂದ ಒಂದು ಪೈಸೆ ಸಹಾಯ ಇಲ್ಲದೆ, ಇಷ್ಟು ಜನ ಉಳಿದಾಗ ಇಷ್ಟು ವೇಗ ಅಂತ ಬರೆದು ಹಾಕಿದ್ದು. ಟೋಕಿಯೋದಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ಇಲ್ಲಿ ದುಡ್ಡು ಕೊಟ್ಟು ಕೊಂಡರು. ಆ ದುಡ್ಡು ಅಂದರೆ 4 ಕಿಲೋಬೈಟ್ ಕಾರ್ಟ್ರಿಡ್ಜ್‌ನ ಜಾಗ. ಆರ್ಕೇಡ್ ಪ್ರೋಗ್ರಾಂನ ಅರ್ಧ. 19 ಜನರನ್ನು ಬಿಟ್ಟರು, ಒಂದು ಗುರಾಣಿ ಬಿಟ್ಟರು, ಜೀವಿಗಳ ಆಕಾರವನ್ನೂ ತಮ್ಮದೇ ಮಾಡಿಕೊಂಡರು. ಆದರೆ ಓಟವನ್ನು ಬಿಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ತೀರ್ಮಾನ ಇದು.

ಮನೆಯಲ್ಲಿ

1980ರಲ್ಲಿ ಕಾರ್ಟ್ರಿಡ್ಜ್ ಬಂತು. ಈ ಆಟಕ್ಕೋಸ್ಕರ ಯಂತ್ರ ಕೊಂಡವರು ಎಷ್ಟೋ ಜನ. ಅಟಾರಿಯ ಮಾರಾಟ ನಾಲ್ಕು ಪಟ್ಟಾಯಿತು. ಹತ್ತು ಲಕ್ಷ ದಾಟಿ ಮಾರಾಟವಾದ ಮೊದಲ ಕಾರ್ಟ್ರಿಡ್ಜ್ ಇದೇ. ಕಾಲಕ್ರಮೇಣ 60 ಲಕ್ಷ ದಾಟಿತು.

ಆರ್ಕೇಡ್ ಮಾಲೀಕನಿಗೆ ನೀವು ಬೇಗ ಸೋಲಬೇಕು, ಇನ್ನೊಂದು ನಾಣ್ಯ ಬೀಳಬೇಕು. ಮನೆಯಲ್ಲಿ ದುಡ್ಡು ಒಂದೇ ಸಲ ಕೊಟ್ಟಾಗಿದೆ, ಅಲ್ಲಿ ಬೇಕಾದ್ದು ತಿಂಗಳುಗಟ್ಟಲೆ ಬೇಸರವಾಗದ ಆಟ. ಅದಕ್ಕೇ ಈ ಕಾರ್ಟ್ರಿಡ್ಜ್‌ನಲ್ಲಿ 112 ಬಗೆ. ಗುರಾಣಿಗಳು ಓಡಾಡುವ ಬಗೆ, ಗುಂಡು ವಕ್ರವಾಗಿ ಬೀಳುವ ಬಗೆ, ಸೇನೆಯೇ ಕಾಣದ ಬಗೆ. ಇಬ್ಬರು ಒಟ್ಟಿಗೆ ಆಡುವುದೂ ಇತ್ತು. ಆರ್ಕೇಡ್‌ನಲ್ಲಿ ಒಬ್ಬನಾದ ಮೇಲೆ ಒಬ್ಬ. ಹಾಂ, ಬಣ್ಣ ಕೂಡ. ಆರ್ಕೇಡ್‌ನಲ್ಲಿ ಅಂಟಿಸಿದ ಹಾಳೆ, ಮನೆಯಲ್ಲಿ ನಿಜವಾದ ಬಣ್ಣ. ರಿಸೆಟ್ ಸ್ವಿಚ್ ಒತ್ತಿ ಹಿಡಿದು ಯಂತ್ರ ಆನ್ ಮಾಡಿದರೆ ಒಂದರ ಬದಲು ಎರಡು ಗುಂಡು ಹಾರಿಸಬಹುದಿತ್ತು. ಆ ಕಾಲದ ಮಕ್ಕಳಿಗೆ ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಅದೇ ವರ್ಷ ಅಟಾರಿ ಈ ಆಟದ ರಾಷ್ಟ್ರೀಯ ಪಂದ್ಯ ನಡೆಸಿತು. 10,000ಕ್ಕೂ ಜಾಸ್ತಿ ಜನ ಆಡಿದರು. ಗೆದ್ದದ್ದು ಹದಿಹರೆಯದ ರೆಬೆಕಾ ಹೈನ್‌ಮನ್, ಮುಂದೆ ಹೆಸರಾಂತ ಪ್ರೋಗ್ರಾಮರ್ ಆದವರು. ಗೆದ್ದವರ ಹೆಸರು ಎಲ್ಲರಿಗೂ ಗೊತ್ತಾಯಿತು. ಕಾರ್ಟ್ರಿಡ್ಜ್ ಡಬ್ಬದ ಮೇಲೆ ಮೌರರ್ ಹೆಸರು ಇರಲಿಲ್ಲ. ಆಟ ಬರೆದವರ ಹೆಸರು ಹಾಕುವ ಪದ್ಧತಿಯೇ ಅಟಾರಿಯಲ್ಲಿರಲಿಲ್ಲ. 1979ರಲ್ಲೇ ನಾಲ್ವರು ಪ್ರೋಗ್ರಾಮರ್‌ಗಳು ಇದೇ ಸಿಟ್ಟಿಗೆ, ದುಡ್ಡಿನ ವಿಷಯಕ್ಕೂ, ಹೊರಟು ಆಕ್ಟಿವಿಷನ್ ಅಂತ ತಮ್ಮದೇ ಆಟದ ಕಂಪನಿ ಕಟ್ಟಿದ್ದರು.

1982ರಲ್ಲಿ ಅದೇ ಯಂತ್ರಕ್ಕೆ ಇನ್ನೊಂದು ಆರ್ಕೇಡ್ ಆಟ ಪ್ಯಾಕ್-ಮ್ಯಾನ್ ಬಂತು. ಬರೆದವರು ಟಾಡ್ ಫ್ರೈ. ಅದೂ 4 ಕಿಲೋಬೈಟ್. ನಾಲ್ಕು ಭೂತ, ಅಷ್ಟಕ್ಕೂ ಒಂದೇ ಆಕಾರ, ಸರದಿ ಮೇಲೆ ತೋರಿಸಿದ್ದರಿಂದ ಭೂತಗಳು ಕೆಟ್ಟ ಟ್ಯೂಬ್‌ಲೈಟ್ ಥರ ಮಿಣುಕುತ್ತಿದ್ದವು. 70 ಲಕ್ಷ ದಾಟಿ ಮಾರಾಟವಾಯಿತು, ಬೈಗುಳವನ್ನೂ ಅಷ್ಟೇ ಗಳಿಸಿತು. ಮಿಣುಕುವುದನ್ನು ಜನ ಕ್ಷಮಿಸುತ್ತಿದ್ದರೇನೋ. ಆದರೆ ಓಡಾಡುವ ಸುತ್ತುದಾರಿಗಳ ನಕ್ಷೆ ಬೇರೆ, ಸದ್ದು ಬೇರೆ, ಭೂತಗಳ ನಡವಳಿಕೆ ಬೇರೆ. ಅಂಗಡಿಯಲ್ಲಿ ಆಡಿದ ಆಟ ಅದರೊಳಗೆ ಸಿಗಲಿಲ್ಲ. ಸ್ಪೇಸ್ ಇನ್ವೇಡರ್ಸ್‌ನಲ್ಲೂ ಚಿತ್ರ ಬೇರೆಯೇ ಇತ್ತು. ಆದರೂ ಕಣ್ಣು ಮುಚ್ಚಿ ಕೇಳಿದರೆ ಅದೇ ಆಟ.

ನಮ್ಮ ಕಡೆ ಈ ಎರಡೂ ಯಂತ್ರ ನೋಡಿದವರು ಕಡಿಮೆ. ನಮಗೆ ತೊಂಬತ್ತರ ದಶಕದಲ್ಲಿ ಸಿಕ್ಕಿದ್ದು ಜಪಾನಿನ ಫ್ಯಾಮಿಕಾಮ್ ನಕಲಿನ ‘ಟಿವಿ ಗೇಮ್’. ಕಾರ್ಟ್ರಿಡ್ಜ್‌ಗೆ ನಾವು ಕ್ಯಾಸೆಟ್ ಅಂತಿದ್ದೆವು, ಕಂಟ್ರೋಲರ್‌ಗೆ ರಿಮೋಟ್. ‘9999 ಆಟ’ ಅಂತ ಬರೆದಿರುವ ಕ್ಯಾಸೆಟ್‌ನಲ್ಲಿ ಇಪ್ಪತ್ತೋ ಮೂವತ್ತೋ ಆಟ, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ. ಅದರಲ್ಲಿ ಗ್ಯಾಲಕ್ಸಿಯನ್ ಇರುತ್ತಿತ್ತು. ಸ್ಪೇಸ್ ಇನ್ವೇಡರ್ಸ್ ಮೀರಿಸಬೇಕು ಅಂತಲೇ ನಾಮ್ಕೊ ಕಂಪನಿ 1979ರಲ್ಲಿ ಮಾಡಿದ್ದು. ಅದರಲ್ಲಿ ಶತ್ರುಗಳು ಸಾಲು ಬಿಟ್ಟು ಮೈಮೇಲೆ ಎರಗುತ್ತಾರೆ. ಚಿಕ್ಕಪ್ಪನ ಮನೆಯಲ್ಲಿ ದಸರಾ ರಜೆ ಪೂರ್ತಿ ನಾವು ಅದನ್ನೇ ಆಡಿದ್ದು.

ಕೊನೆಗೆ ನನ್ನ ಒಂದು ಪ್ರಯೋಗ. ಸತ್ತವನ ಸರದಿ ಬಂದಾಗಲೂ ಒಂದು ಫ್ರೇಮ್ ಸುಮ್ಮನೆ ಕಾಯುವಂತೆ ಆಟವನ್ನು ತಿದ್ದಿದೆ. ಅಂದರೆ ಎಷ್ಟು ಜನ ಸತ್ತರೂ ವೇಗ ಒಂದೇ. ಬೇರೇನೂ ಮುಟ್ಟಲಿಲ್ಲ. ಅಕ್ಕನ ಮಗನಿಗೆ ಕೊಟ್ಟೆ. ಅವನಿಗೆ 11 ವರ್ಷ, ಮೊಬೈಲ್‌ನಲ್ಲಿ ಇದಕ್ಕಿಂತ ನೂರು ಪಟ್ಟು ಚಂದದ ಆಟ ಆಡುವವನು. ಸಲೀಸಾಗಿ ಹೊಡೆದ. ಕೊನೆಯವನು ಉಳಿದಾಗ ಅವನು ಸೆಕೆಂಡಿಗೊಂದು ಹೆಜ್ಜೆ ಇಡುತ್ತಾ ಸಂಜೆ ವಾಕಿಂಗ್ ಹೊರಟವನ ಥರ ಹೋಗುತ್ತಿದ್ದ. ‘ಮಾಮ, ಹ್ಯಾಂಗ್ ಆಯ್ತಾ ಇದು?’ ಅಂದ.

ಇಲ್ಲ ಕಣೋ ಅಂತ ಹೇಳಿ ಮೂಲ ಆಟ ಹಾಕಿಕೊಟ್ಟೆ. ಸದ್ದು ಬರುವುದಿಲ್ಲ ಅಂತ ಮೊದಲೇ ಹೇಳಿದೆ. ಮೂಲ ಯಂತ್ರದಲ್ಲಿ ಸದ್ದು ಹುಟ್ಟುವುದು ಬೇರೆ ಸರ್ಕ್ಯೂಟ್‌ನಿಂದ, ನಾನಿನ್ನೂ ಆ ಭಾಗಕ್ಕೆ ಕೈ ಹಾಕಿರಲಿಲ್ಲ. ಅವನು ಬಲಗೈಯಲ್ಲಿ ಆಡುತ್ತಾ, ಎಡಗೈ ಬೆರಳಲ್ಲಿ ಮೇಜು ತಟ್ಟುತ್ತಿದ್ದ. ಆ ನಾಲ್ಕು ಸ್ವರ ಅವನು ಯಾವತ್ತೂ ಕೇಳಿಲ್ಲ. 20 ಜನ ಉಳಿದಾಗ ತಟ್ಟುವುದು ಚುರುಕಾಯಿತು. 5 ಜನ ಉಳಿದಾಗ ಇನ್ನೂ ಚುರುಕು. ಕೊನೆಯವನು ಓಡಲು ಶುರು ಮಾಡಿದಾಗ ತಟ್ಟುವುದನ್ನು ಬಿಟ್ಟು ಎರಡೂ ಕೈ ಕೀಬೋರ್ಡ್ ಮೇಲಿಟ್ಟ.